ಸೊನ್ನೆ ಬರೆದ ಕೈ

ಆ ಧರ್ಮಾಸ್ಪತ್ರೆಯಲ್ಲಿ ಸೂಜಿಗೆ ಅಂಜಿ ಅಳುವವರು ಇಲ್ಲವಾಗಿ ಎರಡು ವರ್ಷ ಕಳೆದಿತ್ತು.

ಅದಕ್ಕೂ ಮೊದಲು ಆಪರೇಷನ್ನಿಗೆಂದು ಬಂದವರು ಹೊಟ್ಟೆ ಕೊಯ್ಯುವುದಕ್ಕಿಂತ ಕೈಗೆ ಸಲೈನಿನ ಸೂಜಿ ಚುಚ್ಚುವುದಕ್ಕೇ ಹೆಚ್ಚು ಹೆದರುತ್ತಿದ್ದರು. ಹೊಟ್ಟೆ ಕೊಯ್ಯುವಾಗ ಎಚ್ಚರವಿರುವುದಿಲ್ಲ. ಕೈಯ ಸೂಜಿಯಾದರೋ ಎಚ್ಚರವಾದಾಗಿನಿಂದ ಮನೆಗೆ ಹೋಗುವ ತನಕ ಜತೆಗೇ ಇರುತ್ತದೆ. ಮೊದಲ ಸಲಕ್ಕೆ ನಾಳ ಸಿಗುವುದಿಲ್ಲ, ಎರಡನೆಯ ಸಲಕ್ಕೆ ಒಡೆಯುತ್ತದೆ, ಮೂರನೆಯ ಸಲ ಸಿಕ್ಕರೂ ಮರುದಿನಕ್ಕೆ ಕೆಂಪಗಾಗಿ ಹಗ್ಗದ ಹಾಗೆ ಗಟ್ಟಿಯಾಗುತ್ತದೆ. ಮನೆಗೆ ಹೋದವರು ಹೊಟ್ಟೆಯ ಹೊಲಿಗೆ ಮರೆತು, ನೋಡಲು ಬಂದವರಿಗೆಲ್ಲ ಕೈಯ ಬಾವು ತೋರಿಸುತ್ತ ಕೂರುತ್ತಿದ್ದರು.

ಆಮೇಲೆ ಎಳೆ ಬಂತು. ಮಾಡಿದ ಕಂಪನಿ ಅದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿತ್ತು. ನೂಲಿನ ಹಾಗಿದೆಯೆಂದು ವಾರ್ಡಿನ ಆಯಾಗಳು ಎಳೆ ಅಂದರು, ಅದೇ ನಿಂತಿತು. ಚುಚ್ಚುವಾಗ ಗಟ್ಟಿ, ರಕ್ತದ ಬಿಸಿ ತಾಗಿದ ಕೂಡಲೇ ನೆನೆದ ಶಾವಿಗೆಯಷ್ಟು ಮೆತ್ತಗೆ. ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಕಣ. ನಾಳದ ಬಿಸಿ ಎಷ್ಟು, ಬಿಗಿತ ಎಷ್ಟು, ಸುತ್ತಲ ಮಾಂಸ ಎಷ್ಟು ಊದಿದೆ ಎಂಬುದನ್ನು ಆ ಕಣ ಗಳಿಗೆ ಗಳಿಗೆಗೂ ಅಳೆಯುತ್ತಿತ್ತು. ಎಳೆಯ ಮೈಯಿಂದ ನೋವು ಮರೆಸುವ ಔಷಧ ಬೆವರಿನ ಹಾಗೆ ಜಿನುಗುತ್ತಿತ್ತು. ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಲ್ಲಿ ಪುಟ್ಟ ದೀಪ. ನಾಳ ಚೆನ್ನಾಗಿದ್ದರೆ ಹಸಿರು, ದಣಿಯುತ್ತಿದ್ದರೆ ಹಳದಿ, ಎಳೆ ತೆಗೆಯಬೇಕಾದರೆ ಕೆಂಪು. ನರ್ಸು ಕೈ ಮುಟ್ಟಿ ನೋಡಬೇಕಾದ್ದು ಇರಲಿಲ್ಲ. ದೀಪ ನೋಡಿದರೆ ಸಾಕಿತ್ತು.

ದೀಪಗಳೆಲ್ಲ ಮೂರನೆಯ ಮಹಡಿಯ ಒಂದು ಕೋಣೆಯ ಗೋಡೆಯ ಮೇಲೂ ಉರಿಯುತ್ತಿದ್ದವು. ಒಂದೊಂದು ಹಾಸಿಗೆಗೆ ಒಂದೊಂದು ಚೌಕ, ಒಟ್ಟು ಇನ್ನೂರ ಹನ್ನೆರಡು. ಹಗಲು ಪಾಳಿಯಲ್ಲಿ ಆ ಗೋಡೆಯ ಮುಂದೆ ಕೂರುತ್ತಿದ್ದವಳು ಕಸ್ತೂರಿ ಬಳಿಗಾರ. ಹದಿನೇಳು ವರ್ಷ ಹೆಂಗಸರ ಜನರಲ್ ವಾರ್ಡಿನಲ್ಲಿ ನರ್ಸಾಗಿ ದುಡಿದು ಮೇಲೆ ಬಂದವಳು. ಕಂಪನಿಯವರು ಎಳೆಯನ್ನು ಮೊದಲು ಈ ಆಸ್ಪತ್ರೆಗೇ ತಂದದ್ದು ಇಲ್ಲಿನ ದಾಖಲೆಗಳನ್ನು ನೋಡಿ ಎಂದು ಎಲ್ಲರೂ ಹೇಳುತ್ತಿದ್ದರು. ಎಳೆ ಬರುವುದಕ್ಕೆ ಮೊದಲು ಮೂರು ವರ್ಷ, ಹಳೆಯ ಸೂಜಿಯಿದ್ದ ಕೈಗಳಿಗೇ ಕಂಪನಿಯ ಅಳತೆಯ ಪಟ್ಟಿ ಕಟ್ಟಿ, ಪಾಳಿಗೆ ಮೂರು ಸಲ ನರ್ಸು ಆ ಕೈ ನೋಡಿ ಸೊನ್ನೆಯಿಂದ ಐದರ ತನಕ ಅಂಕ ಬರೆಯಬೇಕಿತ್ತು. ಸೊನ್ನೆ ಅಂದರೆ ಏನೂ ಇಲ್ಲ, ಐದು ಅಂದರೆ ಕೈ ಕೆಟ್ಟಿತು. ಪಟ್ಟಿಯ ಅಳತೆ, ನರ್ಸಿನ ಅಂಕ, ಎರಡನ್ನೂ ಜೋಡಿಸಿ ಯಂತ್ರಕ್ಕೆ ಪಾಠ ಮಾಡಲಾಗಿತ್ತು. ಮೂರು ವರ್ಷದ ಆ ಹಾಳೆಗಳಲ್ಲಿ ಒಂದು ಚೌಕವೂ ಖಾಲಿಯಿರಲಿಲ್ಲವೆಂದು ಕಂಪನಿ ಆಸ್ಪತ್ರೆಗೆ ಪ್ರಶಸ್ತಿಪತ್ರ ಕೊಟ್ಟಿತು. ಕಸ್ತೂರಿಯ ಅಕ್ಷರ ಎಲ್ಲರಿಗಿಂತ ದುಂಡಗಿತ್ತು. ಅವಳನ್ನು ಗೋಡೆಯ ಮುಂದೆ ಕೂರಿಸಿದರು.

ಕಸ್ತೂರಿಯ ಅಕ್ಕ ಶಾವಂತ್ರವ್ವನಿಗೆ ಪಿತ್ತಕೋಶದಲ್ಲಿ ಕಲ್ಲಾದಾಗ ಇದೇ ಆಸ್ಪತ್ರೆಗೆ ಸೇರಿಸಿದ್ದು. ಅಕ್ಕತಂಗಿ ಒಂದೇ ಮನೆಯಲ್ಲಿದ್ದರು. ಮನೆಯ ಮುಂದಿನ ಪಡಸಾಲೆಯೇ ಬಳೆಯಂಗಡಿ. ತಂದೆ ಹೋದ ಮೇಲೆ ಶಾವಂತ್ರವ್ವ ಶಾಲೆ ಬಿಟ್ಟು ಬಳೆಗಳ ಸರ ಪೋಣಿಸಿದ ಮಲಾರ ಹೊತ್ತಿದ್ದಳು, ತಂಗಿಯನ್ನು ನರ್ಸಿಂಗ್ ಓದಿಸಿದ್ದಳು. ಊರಲ್ಲಿ ಬಳೆ ಮಾರುವವರು ಬೇಕಾದಷ್ಟು ಮಂದಿ. ಇಡಿಸುವವರು ಕಡಿಮೆ. ಶಾವಂತ್ರವ್ವ ಎದುರಿನವರ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ಹೆಬ್ಬೆರಳ ಬುಡವನ್ನು ಅಂಗೈಯೊಳಕ್ಕೆ ಒತ್ತಿ, ಹಿಟ್ಟು ನಾದಿದ ಹಾಗೆ ಎರಡು ಸಲ ನಾದಿ, ಮೂರನೆಯ ಸಲಕ್ಕೆ ಗಾಜಿನ ಬಳೆಯನ್ನು ಸರಕ್ಕನೆ ದಾಟಿಸುತ್ತಿದ್ದಳು. ಅಳತೆಗೆ ಬಳೆ ಹಾಕಿ ನೋಡುತ್ತಿರಲಿಲ್ಲ. ಕೈ ಹಿಡಿದವಳೇ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಹೇಳುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ. ಬಸುರಿಗೆ ಸೀಮಂತದ ಕುಬಸ ಮಾಡುವ ದಿನ ಬಳೆ ಇಡಿಸುವಾಗ ಗಾಜು ಒಡೆದರೆ ಅಪಶಕುನವೆಂದು ನಮ್ಮ ಕಡೆ ನಂಬುತ್ತಾರೆ. ಹಾಗಾಗಿ ಓಣಿ ಓಣಿಗಳಿಂದ ಕುಬಸಕ್ಕೆ ಅವಳಿಗೇ ಕರೆ ಬರುತ್ತಿತ್ತು.

ಎಳೆ ಹಾಕುವ ಮೊದಲು ಎರಡೂ ಕೈಗಳನ್ನು ಗಾಜಿನ ತಟ್ಟೆಯ ಮೇಲಿಡಬೇಕು. ಯಂತ್ರ ನಾಳ ಆರಿಸುತ್ತದೆ.

"ಎಡಗೈಗೆ ಹಾಕ್ರಿ" ಎಂದಳು ಶಾವಂತ್ರವ್ವ.

ವಾರ್ಡಿನ ನರ್ಸು ಜೈತುನಬಿ ತಟ್ಟೆ ನೋಡಿದಳು. ಕಲಿತು ಬಂದು ಒಂದೂವರೆ ವರ್ಷವಾದ ಹುಡುಗಿ. "ಮಷೀನು ಬಲಗೈ ಅಂತೈತಿ ಅಕ್ಕಾರ."

"ಮಷೀನಿಗೆ ಬಳಿ ಇಡಸಾಕ ಬರತೈತೇನು? ಬಲಗೈ ನನ್ನ ಅನ್ನ ಐತಿ ಬೇ."

ಕಸ್ತೂರಿ ಅಕ್ಕನ ಭುಜದ ಮೇಲೆ ಕೈಯಿಟ್ಟಳು. "ದುಡಿದ ಕೈಯಾಗ ನಾಳ ದಪ್ಪ ಇರ್ತಾವಕ್ಕ. ಎಡಗೈಯಾಗ ಸಣ್ಣವು, ಒಡದ್ರ ಮತ್ತ ಮತ್ತ ಚುಚ್ಚಬೇಕಾಕೈತಿ. ಇದು ಒಂದ ಸಲ. ಇರುವಿ ಕಚ್ಚಿದಷ್ಟೂ ಆಗೂದಿಲ್ಲ."

"ನೀ ಹೇಳ್ತಿ ಅಂದ್ರ ಹಾಕ್ಸು" ಎಂದು ಶಾವಂತ್ರವ್ವ ಬಲಗೈ ಕೊಟ್ಟಳು. ಎಳೆ ಒಳಗೆ ಹೋಯಿತು. "ಹೌದಲ್ಲ, ಗೊತ್ತ ಆಗಲಿಲ್ಲ" ಎಂದು ನಕ್ಕಳು. "ಇಷ್ಟ ಹಗೂರ ನಾನೂ ಬಳಿ ಇಡಸೂದಿಲ್ಲ ನೋಡ."

ಆಪರೇಷನ್ ಸರಾಗವಾಗಿ ಆಯಿತು. ಮರುದಿನ ರಕ್ತದಲ್ಲಿ ಪೊಟ್ಯಾಸಿಯಮ್ ಕಡಿಮೆ ಬಿದ್ದಿದೆಯೆಂದು ಡಾಕ್ಟರು ಅದರ ಡ್ರಿಪ್ ಹಚ್ಚಿಸಿದರು. ನಾಳದೊಳಗೆ ಹೋದರೆ ಅದು ಔಷಧ, ನಾಳ ಬಿಟ್ಟು ಮಾಂಸಕ್ಕೆ ಸೋರಿದರೆ ಸುಡುವ ಸುಣ್ಣ. ಮೂರನೆಯ ದಿನ ಊಟದ ಬಿಡುವಿನಲ್ಲಿ ಕಸ್ತೂರಿ ವಾರ್ಡಿಗೆ ಇಳಿದಾಗ ಶಾವಂತ್ರವ್ವ ಹಾಸಿಗೆಯ ಮೇಲೆ ಕೂತು, ಎಡಗೈಯ ಹೆಬ್ಬೆರಳು ನಡುಬೆರಳು ಸೇರಿಸಿ ಬಳೆ ಮಾಡಿ, ತನ್ನದೇ ಬಲಗೈಯ ಸುತ್ತ ಇಟ್ಟು ನೋಡುತ್ತಿದ್ದಳು.

"ಕಸ್ತೂರಿ, ನನ್ನ ಕೈ ಎಷ್ಟು?"

"ಎಷ್ಟಂದ್ರ?"

"ಎರಡು-ನಾಕು. ದೊಡ್ಡಾಕ್ಯಾದಾಗಿಂದ ಎರಡು-ನಾಕ. ಈಗ ಎರಡು-ಎಂಟು ಆಗೈತಿ."

"ಸಲೈನ್ ಹೋದಾಗ ಒಂಚೂರು ಊದತಾವ ಬಿಡ."

"ಎಡಗೈ ಊದಿಲ್ಲಲ್ಲ. ಅದಕ್ಕ ಸಲೈನ್ ಬ್ಯಾಡಾಗಿತ್ತೇನು?"

"ನೋವೈತೇನು?"

"ನೋವಿದ್ರ ನೋವೈತಿ ಅಂತಿದ್ದೆ. ದೊಡ್ಡದಾಗೈತಿ ಅನ್ನಾಕತ್ತೀನಿ. ಆ ಹುಡುಗಿಗೂ ಎರಡ ಸಲ ಹೇಳ್ದೆ. ಆಕಿ ಕೈಯಾಗಿನ ಕಂಪ್ಯೂಟರ್ ಹಲಿಗಿ ನೋಡ್ಕೊಂತ, ನೋವು ಎಷ್ಟರೀ, ಹತ್ತರಾಗ ಎಷ್ಟರೀ, ಅದನ್ನ ಕೇಳ್ತಾಳ. ನೋವಿಲ್ಲವಾ ಅಂದ್ರ ಒತ್ತಿ ಹೋಗ್ತಾಳ. ಕೈ ಎಷ್ಟು ಅಂತ ಕೇಳು ಒಂದೂ ಪ್ರಶ್ನಿ ಇಲ್ಲೇನು ನಿಮ್ಮ ಹಲಿಗ್ಯಾಗ?"

ಪಕ್ಕದ ಹಾಸಿಗೆಯ ಮುದುಕಿ ನಕ್ಕಳು. ಕಸ್ತೂರಿಗೂ ನಗು ಬಂತು. ಆದರೂ ಅಕ್ಕನ ಕೈ ಹಿಡಿದು, ಪಟ್ಟಿಯ ಮೇಲುಭಾಗದಲ್ಲಿ ಒತ್ತಿ ನೋಡಿದಳು. ಬಿಗಿಯಿತ್ತು. ತುಸು ತಣ್ಣಗಿತ್ತು. ಹಳೆಯ ಸೂಜಿಯ ಕಾಲದಲ್ಲಾಗಿದ್ದರೆ ಮರುಮಾತಿಲ್ಲದೆ ಕಿತ್ತು ಬೇರೆ ಕಡೆ ಹಾಕುವಂಥ ಬಿಗಿ. ದೀಪ ನೋಡಿದಳು. ಹಸಿರಿತ್ತು. ಹಸಿರಿದ್ದ ಎಳೆಯನ್ನು ಕಿತ್ತರೆ ಕಾರಣ ಬರೆದುಕೊಡಬೇಕು. ಕಾರಣದ ಕಾಲಮ್ಮಿನಲ್ಲಿ ಬಳೆಯ ಅಳತೆ ಬರೆಯಲು ಬರುತ್ತದೆಯೇ? ಹದಿನೇಳು ವರ್ಷ ಬೆರಳಿನಿಂದ ತಿಳಿದವಳು ಎರಡೇ ವರ್ಷದಲ್ಲಿ ಬೆರಳನ್ನು ಅನುಮಾನಿಸುವುದನ್ನು ಕಲಿತಿದ್ದಳು.

"ಹಸರ ಐತಕ್ಕ. ಏನೂ ಆಗಿಲ್ಲ. ಸುಮ್ಮನ ಮಲಕೊ."

ಮೇಲೆ ಹೋದವಳು ಗೋಡೆಯ ಮೇಲೆ ಅಕ್ಕನ ಚೌಕ ಒತ್ತಿ ತೆರೆದಳು. ಹಾಸಿಗೆ ಮೂವತ್ತೊಂದು. ಅಂಕ ಸೊನ್ನೆ. ಖಚಿತತೆ ನೂರಕ್ಕೆ ತೊಂಬತ್ತೇಳು. ಮನಸ್ಸಿಗೆ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಪಾಳಿ ಬದಲಾಗುವಾಗ ಜೈತುನಬಿ ಪಟ್ಟಿ ಬಿಚ್ಚಿದಳು. ಬಲಗೈಯ ಮೇಲ್ಭಾಗ ಮೇಣದ ಹಾಗೆ ಬೆಳ್ಳಗಾಗಿ, ನಡುವೆ ಅಂಗೈಯಗಲ ನೀರ್ಗುಳ್ಳೆ ಎದ್ದು, ಹೆಬ್ಬೆರಳ ಬುಡದ ತೊಗಲು ಕಪ್ಪಾಗಿತ್ತು. ಶಾವಂತ್ರವ್ವ ಅಳಲಿಲ್ಲ. ನೋವೇ ಇರಲಿಲ್ಲವಲ್ಲ. ಕೈಯನ್ನು ಯಾರದೋ ಕೈ ಎಂಬ ಹಾಗೆ ನೋಡಿದಳು. ಬಿಚ್ಚಿ ಹಾಸಿಗೆಯ ಮೇಲಿಟ್ಟ ಪಟ್ಟಿಯಲ್ಲಿ ದೀಪ ಇನ್ನೂ ಹಸಿರಾಗಿಯೇ ಉರಿಯುತ್ತಿತ್ತು. ಅದೇ ದಿನ ಕೈ ಕೊಯ್ದು ಸತ್ತ ಮಾಂಸ ತೆಗೆದರು. ಹೆಬ್ಬೆರಳನ್ನು ಆಡಿಸುವ ಸ್ನಾಯುವಿನ ಹುರಿ ಸುಟ್ಟಿದೆ, ಕೈ ಉಳಿಯುತ್ತದೆ, ಹಿಡಿತ ಉಳಿಯುವುದು ಕಷ್ಟ ಎಂದು ಸರ್ಜನ್ನರು ಹೇಳಿದರು.

ನಾಲ್ಕು ದಿನದ ಮೇಲೆ ಕಂಪನಿಯಿಂದ ಪ್ರದ್ಯುಮ್ನ ಗಲಗಲಿ ಎಂಬ ಎಂಜಿನಿಯರು ಬಂದ. ಮೆತ್ತಗೆ ಮಾತಾಡುವ ಮನುಷ್ಯ, ಕೆಟ್ಟವನಲ್ಲ. ಗೋಡೆಯ ಮುಂದೆ ಕಸ್ತೂರಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹಾಸಿಗೆ ಮೂವತ್ತೊಂದರ ದಾಖಲೆ ತೆರೆದ.

"ಎಳಿ ಏನೂ ಕೆಟ್ಟಿಲ್ಲರಿ. ನೋಡ್ರಿ ಇಲ್ಲೆ, ಊತ ಅಳದದ. ಚರ್ಮ ತಣ್ಣಗಾಗಿದ್ದು ಅಳದದ. ಎಲ್ಲಾ ಗೊತ್ತಿತ್ತು ಅದಕ್ಕ."

"ಗೊತ್ತಿದ್ದೂ ಹಸರ ದೀಪ ಯಾಕ ಹಚ್ಚಿತ್ರಿ?"

"ಅದಕ್ಕ ಕೈ ಅಂದ್ರ ಏನಂತ ಗೊತ್ತಿಲ್ಲ ಕಸ್ತೂರಿಯವರ. ಇಂಥಾ ಕೈ ಇಷ್ಟು ಊದಿದಾಗ ನರ್ಸು ಏನು ಬರದಿದ್ರು, ಅದನ್ನ ಬರೀತದ. ಅಷ್ಟ." ಅವನು ಬೆರಳಾಡಿಸಿದ. ಗೋಡೆಯ ತುಂಬ ಹಳೆಯ ಹಾಳೆಗಳು ಮೂಡಿದವು. "ಸ್ಪೆಷಲ್ ರೂಮಿನ ಕೈ ನೋಡ್ರಿ. ಒಂಚೂರು ಕೆಂಪಾದ್ರ ಎರಡು ಅಂತ ಬರದಾರ. ಅದಕ್ಕ ಆ ಕೈಗೆ ಲಗೂನ ಹಳದಿ ಬರ್ತದ. ಇದು ನಿಮ್ಮ ಜನರಲ್ ವಾರ್ಡು. ದುಡಿದ ಕೈ, ದಪ್ಪ ತೊಗಲು. ಪಟ್ಟಿ ಊದೇದ ಅಂತದ, ನರ್ಸು ಸೊನ್ನಿ. ಇಲ್ಲೆ ಉರಿ ಬಿದ್ದದ, ಸೊನ್ನಿ. ಇದಂತೂ ನಾಕು ಇರಬೇಕು, ಅದಕ್ಕೂ ಸೊನ್ನಿ. ಸಾವಿರಗಟ್ಟಲೆ ಅವ. ಹಿಂಗಾಗಿ ಇಂಥಾ ಕೈಗೆ ಊದೂದು ಸಹಜ ಅಂತ ತಿಳಕೊಂಡದ ಅದು." ಮುಂದಕ್ಕೆ ಬಾಗಿ ಸಹಿ ನೋಡಿದ. "ಕ.ಬ. ಅಂದ್ರ ಯಾರ್ರಿ?"

"ಗೊತ್ತಿಲ್ರಿ" ಎಂದಳು ಕಸ್ತೂರಿ. "ಬಾಳ ಮಂದಿ ಬಂದು ಹೋಗ್ಯಾರ."

ಕ.ಬ. ಅಂದರೆ ಅವಳೇ. ಅದನ್ನು ವಾರ್ಡಿನಲ್ಲಿ ಸೊನ್ನಿ ಪೋಣಸೂದು ಅನ್ನುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಬಂದು ಸೀರೆಯ ಮೇಲೆ ಕೋಟು ಹಾಕಿಕೊಂಡ ಕೂಡಲೇ ನಲವತ್ತಾರು ಹಾಸಿಗೆಯ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರವಿ, ಬೆಳಿಗ್ಗೆಯದು, ನಡುಹಗಲಿನದು, ಸಂಜೆಯದು, ಮೂರೂ ಚೌಕಕ್ಕೆ ಒಂದೇ ಉಸಿರಿಗೆ ಸೊನ್ನೆ ಬರೆದು ಸಹಿ ಹಾಕಿಬಿಡುವುದು. ಆಮೇಲೆ ಕೆಲಸ. ನಲವತ್ತಾರು ಮಂದಿಗೆ ಇಬ್ಬರೇ ನರ್ಸು. ರೌಂಡಿಗೆ ಬರುವ ಡಾಕ್ಟರು ಚೌಕ ತುಂಬಿದೆಯೇ ಎಂದು ನೋಡುತ್ತಿದ್ದರು, ಏನು ತುಂಬಿದೆ ಎಂದು ನೋಡುತ್ತಿರಲಿಲ್ಲ. ಎರಡು ಎಂದು ಬರೆದರೆ ಸೂಜಿ ಕೀಳಬೇಕು, ಹೊಸದು ಹಾಕಬೇಕು, ಯಾರು ಹಾಕಿದ ಸೂಜಿ ಹೀಗಾಯಿತೆಂದು ಮೇಟ್ರನ್ನಿಗೆ ಚೀಟಿ ಬರೆಯಬೇಕು. ಹೊಸ ಹುಡುಗಿಯರಿಗೆ ಮೊದಲ ದಿನ ಕಸ್ತೂರಿಯೇ ಕಲಿಸುತ್ತಿದ್ದಳು: ಸೊನ್ನಿ ಬರದವ್ರನ್ನ ಯಾರೂ ಏನೂ ಕೇಳೂದಿಲ್ಲ ನೋಡ. ಊದಿದ ಕೈ ಕಂಡರೆ ಅವಳು ಸೂಜಿ ಬದಲಿಸುತ್ತಿರಲಿಲ್ಲವೆಂದಲ್ಲ. ಕೈ ಖಾಲಿಯಾದಾಗ ಬದಲಿಸುತ್ತಿದ್ದಳು. ಹಾಳೆಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತಿತ್ತು. ಆ ಹಾಳೆಯನ್ನು ಯಾರಾದರೂ ಎಂದಾದರೂ ಓದುತ್ತಾರೆಂದು ಯಾರಿಗೆ ಗೊತ್ತಿತ್ತು? ಯಂತ್ರ ಓದಿತು. ಒಂದನ್ನೂ ಬಿಡದೆ ಓದಿ ನಂಬಿತು.

ಶಾವಂತ್ರವ್ವ ಮನೆಗೆ ಬಂದು ಎರಡು ತಿಂಗಳಾದ ಮೇಲೆ ಹಿಂದಿನ ಓಣಿಯ ನಿಂಬವ್ವ ಕುಬಸದ ಬಳೆಗೆಂದು ಮಗಳನ್ನು ಕರೆದುಕೊಂಡು ಬಂದಳು. ಏಳು ತಿಂಗಳ ಬಸುರಿ, ಬಾವು ಬಂದ ಕೈ. ಶಾವಂತ್ರವ್ವ ಹಿಡಿದು ನೋಡಿ "ಎರಡು-ಆರು" ಎಂದಳು. ಅದು ಸರಿಯಿತ್ತು. ನಾದಲು ಹೋದಳು. ಹೆಬ್ಬೆರಳು ಮಡಚಲಿಲ್ಲ, ಕೋಲು ಒತ್ತಿದ ಹಾಗೆ ಒತ್ತಿತು. ಮೊದಲ ಬಳೆ ಚಟ್ ಎಂದಿತು. "ಗಾಜ ಸರಿ ಇಲ್ಲ" ಎಂದು ಬೇರೆ ಡಜನ್ ತೆಗೆದಳು. ಎರಡನೆಯದು ಹುಡುಗಿಯ ಮಣಿಕಟ್ಟಿನ ಮೇಲೆಯೇ ಮುರಿದು ಗೀರಿತು. ರಕ್ತ ಸಣ್ಣಗೆ ಬಂತು. ಹುಡುಗಿ ತಾಯಿಯ ಮುಖ ನೋಡಿದಳು.

"ಇರಲಿ ಬಿಡವಾ" ಎಂದಳು ನಿಂಬವ್ವ, ಮಗಳ ಕೈಗೆ ಸೆರಗು ಒತ್ತುತ್ತ. "ನೀ ಇನ್ನೂ ಆರಾಮ ಆಗಿಲ್ಲ. ನಾವ ಪ್ಯಾಟ್ಯಾಗ ನೋಡ್ತೀವಿ."

ಅವರು ಹೋದ ಮೇಲೆ ಶಾವಂತ್ರವ್ವ ಗಾಜಿನ ಚೂರುಗಳನ್ನು ಎಡಗೈಯಿಂದ ಆರಿಸುತ್ತ ಕೂತಳು. ಕಸ್ತೂರಿ ಒಳಗಿನಿಂದ ಎಲ್ಲ ನೋಡಿದ್ದಳು. ಬಂದು ಎದುರಿಗೆ ಕೂತು ತಾನೂ ಆರಿಸತೊಡಗಿದಳು.

"ಅಕ್ಕ, ಆ ಮಷೀನಿಗೆ ಸುಳ್ಳ ಕಲಿಸಿದಾಕಿ ನಾನ."

ಇದ್ದದ್ದನ್ನೆಲ್ಲ ಹೇಳಿದಳು. ಶಾವಂತ್ರವ್ವ ಚೂರು ಆರಿಸುತ್ತಲೇ ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು.

"ಆ ಹೆಣ್ಮಕ್ಕಳು ಹೇಳ್ತಿದ್ದಿಲ್ಲೇನು, ಕೈ ಉರೀತೈತಿ ಅಂತ?"

"ಬಾಳ ಮಂದಿ ಹೇಳ್ತಿದ್ದಿಲ್ಲ. ಕೇಳಿದ್ರೂ ಇರಲಿ ಬಿಡ್ರಿ ಅಕ್ಕಾರ ಅಂತಿದ್ರು. ನಲವತ್ತಾರು ಮಂದಿ ಅಕ್ಕ, ನಾವಿಬ್ಬರ."

"ಇರಲಿ ಬಿಡ್ರಿ ಅಂದವ್ರದು ನೀ ಬಿಟ್ಟಿ, ಅದು ತಿಳೀತು. ಹೇಳಿದವ್ರದು?"

ಕಸ್ತೂರಿ ನೆಲದ ಮೇಲಿನ ಇನ್ನೊಂದು ಚೂರು ಎತ್ತಿಕೊಂಡಳು.

"ನಾನೂ ಹೇಳಿದ್ನಲ್ಲ" ಎಂದಳು ಶಾವಂತ್ರವ್ವ. "ನೋವ ಅಂತ ಹೇಳಲಿಲ್ಲ, ನನಗ ಬರು ಮಾತಿನ್ಯಾಗ ಹೇಳಿದೆ. ಅಳತಿ ಹೇಳಿದೆ. ಮೂವತ್ತೈದು ವರ್ಷ ಊರ ಮಂದಿ ಕೇಳಿದ ಅಳತಿ. ನೀ ಕೇಳಲಿಲ್ಲ." ಚೂರುಗಳನ್ನು ಮೊರಕ್ಕೆ ಸುರಿದಳು. "ನನ್ನ ಮುಂದ ಅತ್ರ ನನ್ನ ಹೆಬ್ಬಟ್ಟು ಮಡಚೂದಿಲ್ಲ. ದವಾಖಾನ್ಯಾಗ ಹೋಗಿ ಹೇಳು."

ಶಾವಂತ್ರವ್ವನ ಕೈಯ ವಿಷಯದ ವಿಚಾರಣೆಗೆ ಕೂತವರು ಮೂವರು. ಆಸ್ಪತ್ರೆಯ ಮುಖ್ಯಸ್ಥರು ಡಾಕ್ಟರ್ ಹಂಪಿಹೊಳಿ ವರದಿಯನ್ನು ಆಗಲೇ ಬರೆಸಿಟ್ಟಿದ್ದರು: ನೋವಿದೆಯೇ ಎಂದು ಕೇಳಿದಾಗ ರೋಗಿ ಇಲ್ಲವೆಂದು ಉತ್ತರಿಸಿರುತ್ತಾರೆ. ಕಸ್ತೂರಿ ಎದ್ದು ನಿಂತು ಸೊನ್ನೆಯ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು.

"ನೀವು ಒಬ್ಬರ ಹಂಗ ಬರದ್ರೋ, ಎಲ್ಲಾರೂ ಬರದ್ರೋ?"

"ನಾ ಬರದದ್ದು ನಾ ಹೇಳಿನಿ ಸರ್. ಉಳದವ್ರನ್ನ ನೀವು ಕೇಳಬೇಕು. ಆದ್ರ ಚೌಕ ತುಂಬಿಲ್ಲ ಅಂತ ಬೈದವ್ರು ಅದಾರ. ಯಾಕ ಎಲ್ಲಾ ಸೊನ್ನಿ ಅಂತ ಒಬ್ಬರೂ ಕೇಳಲಿಲ್ಲ."

"ಅದು ಈಗ ಬ್ಯಾಡ" ಎಂದರು ಡಾಕ್ಟರು.

ಗಲಗಲಿ ಮಾತ್ರ ಉಸಿರು ಬಿಟ್ಟ. "ಅಂದ್ರ ದೋಷ ಯಂತ್ರದ್ದಲ್ಲ" ಎಂದು ಬರೆದುಕೊಂಡ. ಆ ಸಾಲು ವರದಿಯ ಮೊದಲ ಸಾಲಾಯಿತು.

ಕಸ್ತೂರಿಯನ್ನು ಗೋಡೆಯ ಮುಂದಿನಿಂದ ಎಬ್ಬಿಸಿ ಮತ್ತೆ ಜನರಲ್ ವಾರ್ಡಿಗೆ ಹಾಕಿದರು. ಅವಳು ಅದಕ್ಕೆ ಬೇಸರಪಡಲಿಲ್ಲ. ಸುಳ್ಳೆಂದು ತಿಳಿದ ಮೇಲೆ ಸುಳ್ಳು ತೆಗೆದು ಖರೆ ಕಲಿಸುತ್ತಾರೆ, ಇನ್ನೊಬ್ಬಳ ಕೈ ಹೀಗಾಗುವುದಿಲ್ಲ ಎಂದುಕೊಂಡಿದ್ದಳು. ಸುಳ್ಳನ್ನೇನೋ ತೆಗೆದರು. ಜನರಲ್ ವಾರ್ಡಿನ ಮೂರು ವರ್ಷದ ಹಾಳೆಗಳನ್ನು ಒಂದೂ ಬಿಡದೆ ಅಳಿಸಿದರು. ತಿದ್ದಿದ ಯಂತ್ರ ಬಂದ ದಿನ ಜೈತುನಬಿ ಮೊದಲ ಹೆಂಗಸಿನ ಕೈಯನ್ನು ಗಾಜಿನ ತಟ್ಟೆಯ ಮೇಲಿಡಿಸಿದಳು. ಕಳೆ ಕಿತ್ತು ಕಿತ್ತು ಬಿರುಕು ಬಿಟ್ಟ ಕೈ. ತಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಈ ಕೈಗೆ ತೀರ್ಮಾನ ಲಭ್ಯವಿಲ್ಲ ಎಂದು ಅಕ್ಷರ ಮೂಡಿದವು. ಇನ್ನೊಬ್ಬಳ ಕೈಗೂ ಹಾಗೆಯೇ, ಮತ್ತೊಬ್ಬಳ ಕೈಗೂ ಹಾಗೆಯೇ. ಸ್ಪೆಷಲ್ ರೂಮಿನವರ ಕೈಗೆ ತಟ್ಟೆ ಮೊದಲಿನಂತೆ ನಾಳ ಆರಿಸಿಕೊಟ್ಟಿತು. ವಾರದೊಳಗೆ ಎಳೆಗಳನ್ನೆಲ್ಲ ಸ್ಪೆಷಲ್ ರೂಮುಗಳಿಗೆ ಸಾಗಿಸಿ, ಜನರಲ್ ವಾರ್ಡಿಗೆ ಉಗ್ರಾಣದಿಂದ ಹಳೆಯ ಸೂಜಿಗಳ ಪೆಟ್ಟಿಗೆ ಇಳಿಸಿದರು.

ಜೈತುನಬಿಯ ಸಾಲಿನ ಹುಡುಗಿಯರಿಗೆ ಹಳೆಯ ಸೂಜಿ ಹಾಕಲು ಬರುತ್ತಿರಲಿಲ್ಲ. ಕಸ್ತೂರಿ ತನ್ನ ಕೈಯನ್ನೇ ಕೊಟ್ಟು ಕಲಿಸಿದಳು.

"ಹೆಬ್ಬಟ್ಟಿಂದ ತೊಗಲ ಬಿಗಿ ಹಿಡಿ. ಕಣ್ಣ ಮುಚ್ಚಿ ಬೆರಳಿಂದ ಹುಡುಕು."

"ಅಕ್ಕಾರ, ನಿಮ್ಮ ನಾಳ ಓಡಿ ಹೊಕ್ಕೈತ್ರಿ."

"ಓಡತೈತಿ. ಬೆನ್ನ ಹತ್ತು. ಚುಚ್ಚು. ನನಗೇನ ಆಗೂದಿಲ್ಲ."

ಅವಳ ಎರಡೂ ಕೈ ತಿಂಗಳು ಪೂರ್ತಿ ನೀಲಿಯಾಗಿದ್ದವು.

ಆಗೊಮ್ಮೆ ಗಲಗಲಿ ವಾರ್ಡಿಗೇ ಬಂದ. ಕೂರಲು ಕುರ್ಚಿಯಿರಲಿಲ್ಲ, ನಿಂತೇ ಮಾತಾಡಿದ. "ಈ ಹೆಣ್ಮಕ್ಕಳಿಗೆ ಎಳಿ ತಿರುಗಿ ಕೊಡಬೇಕಂತ ನನಗೂ ಅದರಿ. ಆದ್ರ ಹೊಸ ದಾಖಲಿ ಬೇಕು. ಹಳೀ ಸೂಜಿ ಮ್ಯಾಲೇ ಪಟ್ಟಿ ಕಟ್ಟತೀನಿ, ಒಂದು ವರ್ಷ ನೀವ ಅಂಕ ಬರೀರಿ. ಖರೆ ಅಂಕ. ನಿಮ್ಮಷ್ಟು ಕೈ ತಿಳದವ್ರು ಇಲ್ಲ."

ಕಸ್ತೂರಿ ಒಪ್ಪಿಕೊಂಡಳು. ಎಷ್ಟೋ ದಿನದ ಮೇಲೆ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಂಡಳು. ಮರುದಿನದಿಂದ ಹಾಳೆ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ನಲವತ್ತಾರು ಕೈಗಳನ್ನೂ ಪಾಳಿಗೆ ಮೂರು ಸಲ ಮುಟ್ಟಿ ನೋಡಿ ಬರೆದಳು. ಚೂರು ಕೆಂಪಾಗಿದ್ದರೆ, ಚೂರು ಬಿಸಿಯಿದ್ದರೆ ಒಂದು. ಒಂದು ಎಂದು ಬರೆದ ಕೂಡಲೇ ಆ ಸೂಜಿ ಕಿತ್ತು ಬೇರೆ ಕಡೆ ಹಾಕುತ್ತಿದ್ದಳು. ಹೆಂಗಸರು ಬೈಯುತ್ತಿದ್ದರು.

"ಎಷ್ಟ ಸಲ ಚುಚ್ತೀಯಬೇ? ನಾ ಏನ ಪಿನ್ನು ಚುಚ್ಚೂ ದಿಂಬೇನು? ಆ ಸ್ಪೆಷಲ್ ರೂಮಿನ್ಯಾಗ ಗೊತ್ತ ಆಗಲಾರದಂಗ ಹಾಕ್ತಾರಂತ."

"ಅದು ನಿಮಗೂ ಬರ್ಲಿ ಅಂತನ ಬರಿಯಾಕತ್ತೀನಿ ಯವ್ವಾ."

"ಬರಿ ಬರಿ. ಬರಕೊಂತ ಹೋದವ್ರ ಕೈಗೆ ಸೂಜಿ ಇರೂದಿಲ್ಲ."

ಆರು ತಿಂಗಳಿಗೆ ಗಲಗಲಿ ಫೋನು ಮಾಡಿದ. ದನಿಯಲ್ಲಿ ಸಂಕೋಚವಿತ್ತು. "ಕಸ್ತೂರಿಯವರ, ನಿಮ್ಮ ಹಾಳಿಯೊಳಗ ಸೊನ್ನಿ ಅವ, ಒಂದು ಅವ. ಎರಡ ಇಲ್ಲ, ಮೂರ ಇಲ್ಲ."

"ಒಂದಕ್ಕ ಕಿತ್ತಿದ್ರ ಮೂರು ಎಲ್ಲಿಂದ ಆಗಬೇಕ್ರಿ?"

"ಅದ ಹೇಳ್ಬೇಕಂತ ಮಾಡೇನಿ. ಮೂರು ನಾಕು ಹೆಂಗಿರ್ತಾವ ಅಂತ ಕಾಣಲಾರದ ಅದು ಕಲಿಯೂದಿಲ್ಲರಿ. ಎಲ್ಲಾ ಕೈ ಅಲ್ಲ, ಕೆಲವೊಂದು, ಒಂದೀಟು ತಡ ಮಾಡಿ ಕಿತ್ರ..." ಅವನು ಮಾತು ಮುಗಿಸಲಿಲ್ಲ. ಅವಳೂ ಮುಗಿಸಲು ಹೇಳಲಿಲ್ಲ.

ಅದಾದ ಮರುದಿನ ಹನ್ನೆರಡನೆಯ ಹಾಸಿಗೆಯ ಹೆಂಗಸಿನ ಕೈ ನೋಡುವಾಗ ಕಸ್ತೂರಿ ಒಂದು ಎಂದು ಬರೆದು ನಿಂತುಬಿಟ್ಟಳು. ಹೀಗೆಯೇ ಬಿಟ್ಟರೆ ಸಂಜೆಗೆ ಎರಡು. ನಾಳೆ ಬೆಳಿಗ್ಗೆಗೆ ಮೂರು. ಈ ಒಂದು ಕೈ ಹೀಗೆ ಏರಿದರೆ ಮುಂದೆ ಸಾವಿರ ಕೈಗಳಿಗೆ ಸೂಜಿ ನೋಯುವುದಿಲ್ಲ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹೆಂಗಸು ಕಣ್ಣು ಬಿಟ್ಟು "ಯಾಕ್ರಿ ಅಕ್ಕಾರ?" ಎಂದಳು. "ಏನಿಲ್ಲ" ಎಂದು ಕಸ್ತೂರಿ ಸೂಜಿ ಕಿತ್ತಳು. ಇನ್ನೊಂದು ಕೈಯಲ್ಲಿ ನಾಳ ಸಿಗಲು ಎರಡು ಸಲ ಚುಚ್ಚಬೇಕಾಯಿತು. ಎರಡು ಸಲವೂ ಆ ಹೆಂಗಸು ಹಲ್ಲು ಕಚ್ಚಿದಳು.

ವರ್ಷ ತುಂಬಿದ ಮೇಲೆ ಕಂಪನಿಯ ಪತ್ರ ಬಂತು. ರಜೆಯ ದಿನ, ಮಧ್ಯಾಹ್ನ. ಶಾವಂತ್ರವ್ವ ಅಂಗಡಿಯಲ್ಲಿದ್ದಳು. ಈಗ ಅಲ್ಲಿ ಗಾಜು ಕಡಿಮೆ. ಯಾರು ಬೇಕಾದರೂ ತಾವೇ ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ ಬಳೆ, ತಿರುಪಿನ ಕಡಗ. ಬಂದವರು ತೆಗೆದುಕೊಂಡು ಹೋಗುತ್ತಿದ್ದರು, ಕೈ ಕೊಡುತ್ತಿರಲಿಲ್ಲ. ಕಸ್ತೂರಿ ಪತ್ರವನ್ನು ಎರಡು ಸಲ ಓದಿಕೊಂಡಳು.

"ಏನ ಬರದಾರ? ಗಟ್ಟಿ ಓದು" ಎಂದಳು ಶಾವಂತ್ರವ್ವ.

"ನಿಮ್ಮ ವಾರ್ಡಿನ ಒಂದು ವರ್ಷದ ದಾಖಲೆಯನ್ನು ಪರಿಶೀಲಿಸಲಾಗಿದೆ. ಅಂಕಗಳಲ್ಲಿ ಸಾಕಷ್ಟು ಏರಿಳಿತ ಇಲ್ಲದ ಕಾರಣ ಸದರಿ ದಾಖಲೆಯು ಬೋಧನೆಗೆ ಯೋಗ್ಯವಾಗಿರುವುದಿಲ್ಲ. ಆದ್ದರಿಂದ ಜನರಲ್ ವಾರ್ಡುಗಳ ಯೋಜನೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ."

"ಅಂದ್ರ?"

"ಖರೆ ಬರದದ್ದು ಉಪಯೋಗಕ್ಕ ಬರಲಿಲ್ಲ ಅಂತ."

"ಸುಳ್ಳ ಬರದಾಗ ಪ್ರಶಸ್ತಿ ಕೊಟ್ಟಿದ್ರಲ್ಲ."

"ಹೂಂ. ಆಗ ಚೌಕ ತುಂಬಿದ್ವು."

ಶಾವಂತ್ರವ್ವ ತಿರುಪಿನ ಕಡಗವೊಂದನ್ನು ಎಡಗೈಯಿಂದ ಗೂಟಕ್ಕೆ ಸಿಕ್ಕಿಸಿದಳು.

"ಇಷ್ಟ ದಿನ ಆತು, ಇನ್ನೂ ಕಲೀಲಿಲ್ಲಂದ್ರ ಅವಕ್ಕ ಎಷ್ಟ ಕೈ ಬೇಕಂತ?"

ಕಸ್ತೂರಿ ಪತ್ರದ ಕೆಳಗಿನ ಸಾಲು ನೋಡಿದಳು. "ಕಡಿಮಿ ಅಂದ್ರ ನಾಕನೂರು. ಮೂರಕ್ಕ ಏರಿದ್ದು, ಇಲ್ಲಾ ಮೂರು ದಾಟಿದ್ದು."

"ನಿಮ್ಮ ವಾರ್ಡಿಂದ ಎಷ್ಟ ಹೋಗ್ಯಾವ?"

"ಒಂದ" ಎಂದಳು ಕಸ್ತೂರಿ. "ನಿಂದು."